ದೇವರ ಹತ್ತಿರ ನನ್ನ ಬೆಲೆ ಎಷ್ಟು? ಗೊತ್ತಿದ್ದವರು ಹೇಳ್ತೀರಾ

ಬದಿಯಡ್ಕದವಳು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುವುದು ಇವತ್ತೇ ಮೊದಲು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನನಗೆ 29 ವರ್ಷ. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಸ್ವಲ್ಪ ಅಡಿಕೆ ತೋಟ ಉಂಟು, ಅಪ್ಪ ಅಮ್ಮ ಇಬ್ಬರೇ ದುಡಿಯುವುದು. ಕನ್ನಡ ಮೀಡಿಯಂನಲ್ಲಿ ಓದಿದೆ, ಬಿ.ಎಡ್. ಮುಗಿಸಿದೆ, ಐದು ವರ್ಷದಿಂದ ಸರಕಾರಿ ಕೆಲಸಕ್ಕೆ ಪಿ.ಎಸ್.ಸಿ. ಪರೀಕ್ಷೆ ಬರೆಯುತ್ತಾ ಇದ್ದೇನೆ. ಕನ್ನಡ ಮೀಡಿಯಂ ಟೀಚರ್ ಪೋಸ್ಟು ಎಷ್ಟು ಕಡಿಮೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಿಂದಿನ ಸಲ ರ‍್ಯಾಂಕ್ ಲಿಸ್ಟಿನಲ್ಲಿ ಹೆಸರಿತ್ತು, ಆದರೆ ನನ್ನ ನಂಬರ್ ಬರುವ ಮೊದಲೇ ಲಿಸ್ಟಿನ ಅವಧಿ ಮುಗಿಯಿತು. ಈ ಸಲ ಹೆಸರೇ ಇಲ್ಲ.

ಲಿಸ್ಟ್ ಬಂದ ದಿನ ಅಮ್ಮ ಜಗಲಿಯಲ್ಲಿ ಮೆಟ್ಟುಕತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ನಾನು ಮೊಬೈಲ್ ಕೆಳಗಿಟ್ಟ ರೀತಿ ನೋಡಿಯೇ ಅವರಿಗೆ ಗೊತ್ತಾಯಿತು. ಏನೂ ಕೇಳಲಿಲ್ಲ, ಸುಲಿಯುತ್ತಲೇ ಇದ್ದರು. ನಾನೂ ಹೋಗಿ ಪಕ್ಕದಲ್ಲಿ ಕೂತು ಆಯಲು ಶುರು ಮಾಡಿದೆ. ಒಳ್ಳೆಯದು ಒಂದು ಕಡೆ, ಪಟೋರ ಒಂದು ಕಡೆ, ಉಳ್ಳಿ ಒಂದು ಕಡೆ. ಕರಿಗೋಟು, ಅಂದರೆ ಕಪ್ಪಾಗಿ ಹಾಳಾದ ಅಡಿಕೆ, ಕೈಗೆ ಸಿಕ್ಕಿದರೆ ಎರಡನೇ ಸಲ ನೋಡುವುದೂ ಇಲ್ಲ, ಆ ರಾಶಿಗೆ ಎಸೆಯುವುದು. ಒಂದು ಕರಿಗೋಟು ಹಿಡಿದುಕೊಂಡು ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಅಮ್ಮ ನನ್ನ ಕೈಯಿಂದ ಅದನ್ನು ತೆಗೆದು ಇಟ್ಟರು.

ಈಗ ಮದುವೆ ಮನೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಹೋದರೆ "ಈಗ ಎಂತ ಮಾಡುವುದು?" ಅಂತ ಕೇಳುತ್ತಾರೆ. ಜತೆಗೆ ಓದಿದವರು ಕೆಲಸ, ಮಕ್ಕಳು, ಮನೆ ಅಂತ ಇದ್ದಾರೆ. ನಾನು ಇನ್ನೂ ಅರ್ಜಿ ಹಾಕುತ್ತಾ ಇದ್ದೇನೆ.

ಕೇಳಬೇಕಾದ್ದು ಇದು. ಮೊನ್ನೆ ನಮ್ಮ ಭಜನಾ ಮಂದಿರದಲ್ಲಿ ಒಬ್ಬರು ಮಾತಾಡುತ್ತಾ, ನಿಮ್ಮ ಬೆಲೆಯನ್ನು ಜನರ ಹತ್ತಿರ ಕೇಳಬೇಡಿ, ದೇವರ ಹತ್ತಿರ ಕೇಳಿ ಅಂದರು. ಕೇಳಲು ಚಂದ ಉಂಟು. ಆದರೆ ಹೇಗೆ ಕೇಳುವುದು? ಈ ಸಲ ಲಿಸ್ಟಿನಲ್ಲಿ ಹೆಸರು ಬಂದರೆ ಮಧೂರು ದೇವಸ್ಥಾನದ ಗಣಪತಿಗೆ ಅಪ್ಪದ (ಸಿಹಿ ತಿಂಡಿಯ) ಸೇವೆ ಮಾಡಿಸುತ್ತೇನೆ ಅಂತ ಹರಕೆ ಹೇಳಿಕೊಂಡಿದ್ದೆ. ಬರಲಿಲ್ಲ. ಅಂದರೆ ಅವನೂ ನನ್ನನ್ನು ಬೇಡ ಅಂತ ಬದಿಗಿಟ್ಟ ಹಾಗೆ ಅಲ್ವಾ? ನಿಜವಾಗಿ ದೇವರ ಜತೆ ಸಂಬಂಧ ಇದ್ದು, ಅದರಿಂದ ತನ್ನ ಬದುಕಿಗೆ ಅರ್ಥ ಉಂಟು ಅಂತ ಅನಿಸಿದವರು ಯಾರಾದರೂ ಇದ್ದರೆ ಹೇಳಿ. ಉಪದೇಶ ಬೇಡ, ನಿಮಗೆ ಆದದ್ದು ಹೇಳಿ.

ಗಣೇಶಭಕ್ತ

ತಂಗಿ, ಚಿಂತೆ ಮಾಡಬೇಡಿ. 48 ದಿನ ಬಿಡದೆ ಗಣಪತಿ ಅಥರ್ವಶೀರ್ಷ ಹೇಳಿ, ಮಂಗಳವಾರ ಒಪ್ಪೊತ್ತು ಮಾಡಿ. ಶ್ರದ್ಧೆಯಿಂದ ಮಾಡಿದರೆ ಮುಂದಿನ ಲಿಸ್ಟಿನಲ್ಲಿ ಖಂಡಿತ ಬರುತ್ತದೆ. ಬರಲಿಲ್ಲ ಅಂದರೆ ಎಲ್ಲೋ ಶ್ರದ್ಧೆ ಕಡಿಮೆ ಆಗಿದೆ ಅಂತ ಅರ್ಥ.

ನಿವೃತ್ತ ಮಾಷ್ಟ್ರು, ಕುಂಬಳೆ

ಮಗಳೇ, ಮೇಲಿನವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಆ ಕೊನೆಯ ವಾಕ್ಯವನ್ನು ನೀನು ತಲೆಗೆ ಹಾಕಿಕೊಳ್ಳಬೇಡ. ಈಗಾಗಲೇ ಸೋತು ಕೂತವಳ ಮೇಲೆ ಶ್ರದ್ಧೆಯಲ್ಲೂ ಸೋತೆ ಅಂತ ಇನ್ನೊಂದು ಹೊರೆ ಯಾಕೆ?

ನನ್ನದು ಹೇಳುತ್ತೇನೆ. 1992ರಲ್ಲಿ ಮಧೂರಿನಲ್ಲಿ ಮೂಡಪ್ಪ ಸೇವೆ ಆದಾಗ ನನಗೆ 34 ವರ್ಷ. ಗಣಪತಿಯನ್ನು ಅಪ್ಪದಲ್ಲೇ ಮುಚ್ಚುವ ಸೇವೆ ಅದು, ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಒಂದೋ ಎರಡೋ ಸಲ ನೋಡಲು ಸಿಗುವಂಥದ್ದು. ನಾನು ಸ್ವಯಂಸೇವಕ. ಶರ್ಟಿಗೆ ಬ್ಯಾಡ್ಜ್, ಕೈಯಲ್ಲಿ ಪಟ್ಟಿ, ಎಲ್ಲಿ ನೋಡಿದರೂ "ಮಾಷ್ಟ್ರೇ ಇಲ್ಲಿ ಬನ್ನಿ, ಮಾಷ್ಟ್ರೇ ಅಲ್ಲಿ ನೋಡಿ". ನನ್ನಿಂದಲೇ ನಡೆಯುತ್ತಾ ಉಂಟು ಅನ್ನುವ ಹಾಗಿತ್ತು. 2014ರಲ್ಲಿ ರಿಟೈರ್ ಆದೆ. ನಾನು ಕಲಿಸಿದ ಶಾಲೆಯಲ್ಲಿ ಕನ್ನಡ ಡಿವಿಷನ್ ಒಂದೊಂದೇ ಕಡಿಮೆಯಾಗುತ್ತಾ ಬಂತು, ಮಕ್ಕಳು ದೂರ ಹೋದರು, ಫೋನ್ ನಿಂತಿತು. 2025ರಲ್ಲಿ ಪುನಃ ಮೂಡಪ್ಪ ಸೇವೆ ಬಂತು. ಹೋದೆ. ಬಿಸಿಲಿನಲ್ಲಿ ಕ್ಯೂ ನಿಂತೆ. ಬ್ಯಾಡ್ಜ್ ಹಾಕಿದ ಒಬ್ಬ ಹುಡುಗ ಬಂದು "ಅಜ್ಜಾ, ಸ್ವಲ್ಪ ಬದಿಗೆ" ಅಂದ. ಅವನ ತಪ್ಪೇನೂ ಇಲ್ಲ, ದಾರಿ ಮಾಡಬೇಕಿತ್ತು. ಆದರೆ ನನಗೆ ಎದೆಯೊಳಗೆ ಏನೋ ಕುಸಿದ ಹಾಗಾಯಿತು. 33 ವರ್ಷದ ಹಿಂದೆ ಇದೇ ಅಂಗಳದಲ್ಲಿ ನಾನು ಯಾರಾಗಿದ್ದೆ, ಈಗ ಯಾರು ಅಂತ.

ಆ ಕ್ಯೂವಿನಲ್ಲಿ ನಿಂತೇ ನನಗೆ ಮದರುವಿನ ನೆನಪಾಯಿತು. ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ ಕತೆ, ನನಗೆ ನಾನು ಹೇಳಿಕೊಂಡಿರಲಿಲ್ಲ. ಮಧೂರು ಅನ್ನುವ ಹೆಸರು ಅವಳಿಂದ ಬಂತು ಅಂತ ಐತಿಹ್ಯ ಉಂಟಲ್ವಾ? ಮೊಗೇರರ ಮುದುಕಿ. ಉದ್ಭವ ಶಿವಲಿಂಗ ಮೊದಲು ಕಂಡದ್ದು ಅವಳಿಗೆ. ಗಣಪತಿ ಬಂದದ್ದು ಆಮೇಲೆ, ಅದೂ ಒಂದು ಮಗು ಆಡುತ್ತಾ ಗೋಡೆಯ ಮೇಲೆ ಬರೆದ ಚಿತ್ರ ಬೆಳೆಯಿತು ಅಂತ ಹೇಳುತ್ತಾರೆ. ನೋಡು, ಒಬ್ಬಳು ಊರಿನವರು ಹತ್ತಿರ ಸೇರಿಸದ ಜಾತಿಯ ಮುದುಕಿ, ಇನ್ನೊಂದು ಆಟ ಆಡುವ ಮಗು. ಇಬ್ಬರಿಗೂ ಬ್ಯಾಡ್ಜ್ ಇರಲಿಲ್ಲ. ಅವರು ಪರೀಕ್ಷೆ ಪಾಸಾಗಿ ದೇವರ ಹತ್ತಿರ ಬಂದವರಲ್ಲ.

ನನ್ನ ತಪ್ಪು ನನಗೆ ಅಲ್ಲಿ ಕಂಡಿತು. 60 ವರ್ಷ ನಾನು ದೇವರ ಹತ್ತಿರ ಮಾತಾಡಿದ್ದು ಎರಡೇ ವಿಷಯ. ಇದು ಬೇಕು, ಇದು ಬೇಡ. ನನ್ನ ಹಳೆಯ ಶಿಷ್ಯರಲ್ಲೂ ಕೆಲವರು ಸರ್ಟಿಫಿಕೇಟಿಗೆ ಸಹಿ ಬೇಕಾದಾಗ ಮಾತ್ರ ಬರುತ್ತಾರೆ. ಬಂದರೆ ಸಂತೋಷವೇ, ಆದರೆ ಅದನ್ನು ಸಂಬಂಧ ಅಂತ ಹೇಗೆ ಹೇಳುವುದು? ಈಗ ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಕೂತು ದಿನದ ಸುದ್ದಿ ಹೇಳುತ್ತೇನೆ. ತೋಡಿನಲ್ಲಿ ನೀರು ಕಡಿಮೆಯಾದದ್ದು, ಹೆಂಡತಿಗೆ ಜೋರು ಮಾಡಿದ್ದು, ಮೊಣಕಾಲು ನೋವು. ಮೊದಲು ನಾಚಿಕೆ ಆಗುತ್ತಿತ್ತು. ಕೆಲವು ತಿಂಗಳಲ್ಲಿ ನನ್ನ ಸುದ್ದಿಯನ್ನು ಕೇಳುವವನೊಬ್ಬ ಇದ್ದಾನೆ ಅನ್ನುವುದು ಗಟ್ಟಿಯಾಯಿತು. ನನಗೆ ಆದದ್ದು ಇಷ್ಟೇ, ಬೇರೆ ಪವಾಡ ಇಲ್ಲ.

ಇನ್ನೊಂದು. ಅನಂತಪುರ ಕೆರೆಯ ಬಬಿಯಾ 2022ರ ಅಕ್ಟೋಬರದಲ್ಲಿ ತೀರಿಕೊಂಡಾಗ ನೀನು ಹೋಗಿದ್ದೆಯಾ? ಎಷ್ಟು ಜನ, ಎಷ್ಟು ಹೂವು. ಒಂದು ಮೊಸಳೆ. ದೇವರ ಕೆರೆಯಲ್ಲಿತ್ತು, ನೈವೇದ್ಯದ ಅನ್ನ ತಿನ್ನುತ್ತಿತ್ತು. ದೇವರದ್ದು ಅನ್ನುವ ಒಂದೇ ಕಾರಣಕ್ಕೆ ಜನ ಅದಕ್ಕೆ ಕೈಮುಗಿದರು. ನನಗೆ ಆ ದಿನ ಅರ್ಥ ಆಗಿರಲಿಲ್ಲ, ಈಗ ಸ್ವಲ್ಪ ಆಗುತ್ತದೆ.

ಬದಿಯಡ್ಕದವಳು

ಮಾಷ್ಟ್ರೇ, ತುಂಬ ಉಪಕಾರ. "ಅಜ್ಜಾ, ಸ್ವಲ್ಪ ಬದಿಗೆ" ಅಂದದ್ದು ಓದುವಾಗ ನನಗೇ ಅಳು ಬಂತು.

ಆದರೆ ಒಂದು ಮಾತು ಕೇಳಲೇಬೇಕು, ತಪ್ಪು ತಿಳಿಯಬೇಡಿ. ಮದರುವಿಗೆ ದೇವರು ಕಂಡ. ಆ ಮಗು ಬರೆದ ಚಿತ್ರ ಬೆಳೆಯಿತು. ಅವರಿಗೆ ಉತ್ತರ ಸಿಕ್ಕಿತು. ನನಗೆ ಏನೂ ಸಿಗಲಿಲ್ಲ. ನಿನ್ನೆ ನೀವು ಹೇಳಿದ ಹಾಗೆ ದೀಪದ ಮುಂದೆ ಕೂತು ಮಾತಾಡಲು ನೋಡಿದೆ. ಗೋಡೆಗೆ ಹೇಳಿದ ಹಾಗಾಯಿತು. ಬೆಲೆ ಇಲ್ಲದವರ ಮಾತಿಗೆ ಜನರೂ ಉತ್ತರ ಕೊಡುವುದಿಲ್ಲ, ದೇವರೂ ಕೊಡುವುದಿಲ್ಲ ಅಂತಲೇ ಅನಿಸಿತು. ನಾನು ಹೀಗೆ ಬರೆಯುವುದು ತಪ್ಪಾ?

ಎಣ್ಮಕಜೆಯ ಅಮ್ಮ

ತಪ್ಪಲ್ಲ ಮಗಳೇ. ಬರಿ. ನಾನು ಇದಕ್ಕಿಂತ ಕೆಟ್ಟ ಮಾತು ದೇವರಿಗೆ ಹೇಳಿದ್ದೇನೆ.

ನನಗೆ ಹೆಚ್ಚು ಬರೆಯಲು ಬರುವುದಿಲ್ಲ, ಮಗನ ಮೊಬೈಲಿನಲ್ಲಿ ಹೇಳಿ ಬರೆಸುತ್ತಾ ಇದ್ದೇನೆ. ನಮ್ಮದು ಎಣ್ಮಕಜೆ ಪಂಚಾಯತು, ಗುಡ್ಡೆಯ ಮೇಲೆ ಗೇರು ತೋಟ, ಕೆಳಗೆ ನಮ್ಮ ಮನೆ. 2000ನೇ ಇಸವಿಯವರೆಗೆ ಮೇಲಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಡುತ್ತಿದ್ದರು. ನಾವು ಸಣ್ಣವರಿರುವಾಗ ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡುತ್ತಿದ್ದೆವು. ನನ್ನ ಮಗಳು 1998ರಲ್ಲಿ ಹುಟ್ಟಿದಳು. ನಿನಗಿಂತ ಸ್ವಲ್ಪ ಚಿಕ್ಕವಳು. ಅವಳು ಎದ್ದು ಕೂತದ್ದಿಲ್ಲ, ಮಾತಾಡಿದ್ದಿಲ್ಲ. ಈಗಲೂ ಗಂಜಿಯನ್ನು ಅರೆದು ಚಮಚದಲ್ಲಿ ಕೊಡಬೇಕು, ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ ಬೇಕು. ಅವಸರ ಮಾಡಿದರೆ ಗಂಟಲಿಗೆ ಸಿಕ್ಕುತ್ತದೆ.

ಗಣೇಶಭಕ್ತ ಅಣ್ಣ, ನಿಮಗೆ ಒಂದು ಮಾತು. ನಾನು ಹನ್ನೊಂದು ಹರಕೆ ಹೇಳಿದ್ದೆ. ದೇವಸ್ಥಾನಕ್ಕೆ, ದೈವಕ್ಕೆ, ಕೊನೆಗೆ ಇಗರ್ಜಿಗೂ ಮೇಣದ ಬತ್ತಿ. ಒಂದರಲ್ಲೂ ಶ್ರದ್ಧೆ ಕಡಿಮೆ ಇರಲಿಲ್ಲ. ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ.

ಒಂದು ಸಮಯದಲ್ಲಿ ದೀಪ ಹಚ್ಚುವುದನ್ನೇ ಬಿಟ್ಟೆ. ಮೂರು ವರ್ಷ. ದೇವರ ಕೋಣೆಗೆ ತೆಂಗಿನಕಾಯಿ ರಾಶಿ ಹಾಕಿದ್ದೆ. ಒಂದು ಮಳೆಗಾಲ, ನಾಲ್ಕು ದಿನ ಕರೆಂಟಿಲ್ಲ, ಮನೆಯಲ್ಲಿ ಮೊಂಬತ್ತಿ ಮುಗಿದಿತ್ತು. ಬೆಳಕಿಗೆ ಬೇಕಲ್ಲ ಅಂತ ಆ ಕಾಲುದೀಪ ತಂದು ತೊಳೆದು, ಎಣ್ಣೆ ಹಾಕಿ ಅವಳ ಚಾಪೆಯ ಹತ್ತಿರ ಇಟ್ಟೆ. ಅವಳ ಕುತ್ತಿಗೆ ಅಷ್ಟು ಸುಲಭದಲ್ಲಿ ತಿರುಗುವುದಿಲ್ಲ. ಆದರೂ ತಿರುಗಿಸಿದಳು. ದೀಪ ನೋಡಿ ಒಂದು ಸ್ವರ ತೆಗೆದಳು, ಅವಳು ಖುಷಿಯಾದಾಗ ತೆಗೆಯುವ ಸ್ವರ. ದೀಪ ಅಲುಗಾಡಿದ ಹಾಗೆ ಅವಳ ಕಣ್ಣು ಅಲುಗಾಡುತ್ತಿತ್ತು. ನಾನು ಅವಳ ತಲೆ ನನ್ನ ಮಡಿಲಲ್ಲಿ ಇಟ್ಟುಕೊಂಡು ಎಣ್ಣೆ ಮುಗಿಯುವವರೆಗೆ ಕೂತಿದ್ದೆ.

ಅಲ್ಲಿ ಕೂತು ಯೋಚನೆ ಬಂತು. ಇವಳು ನನಗೆ ಏನು ಕೊಟ್ಟಿದ್ದಾಳೆ? ಕೆಲಸ ಇಲ್ಲ, ಸಂಬಳ ಇಲ್ಲ, ಅಮ್ಮ ಅಂತ ಒಂದು ಸಲ ಕರೆದದ್ದಿಲ್ಲ. ಆದರೂ ಬೆಳಿಗ್ಗೆ ಎದ್ದು ನಾನು ಮೊದಲು ನೋಡುವುದು ಇವಳ ಮುಖ. ಇವಳಿಗೆ ಜ್ವರ ಬಂದರೆ ನನಗೆ ಊಟ ಸೇರುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಇಂಥ ಮಕ್ಕಳಿಗೆ 5 ಲಕ್ಷ ಪರಿಹಾರ ಕೊಡಬೇಕು ಅಂತ ಹೇಳಿತು. ತಡವಾಗಿ ಬಂತು, ಬಂದದ್ದು ಉಪಕಾರವೇ, ಮದ್ದಿಗೆ ಆಯಿತು. ಆದರೆ ಇವಳ ಬೆಲೆ ಎಷ್ಟು ಅಂತ ನನ್ನ ಹತ್ತಿರ ಕೇಳಿದರೆ ಆ ಲೆಕ್ಕ ನನ್ನ ಬಾಯಿಗೆ ಬರುವುದೂ ಇಲ್ಲ. ಅವಳು ನನ್ನ ಮಗಳು, ಮುಗಿಯಿತು.

ನಾನು ಓದಿದವಳಲ್ಲ, ಸಿಟ್ಟು ಜಾಸ್ತಿ, ತಾಳ್ಮೆ ಕಡಿಮೆ. ಇಂಥ ನನಗೇ ಇಷ್ಟು ಪ್ರೀತಿ ಮಾಡಲು ಆಗುತ್ತದೆ ಅಂತಾದರೆ, ನನ್ನೊಳಗೆ ಈ ಪ್ರೀತಿ ಇಟ್ಟವನಿಗೆ ಎಷ್ಟು ಇರಬೇಕು ಮಗಳೇ? ಅವನು ನನ್ನನ್ನೂ ಹೀಗೇ ನೋಡುತ್ತಾ ಇರಬೇಕು ಅಲ್ವಾ? ನಾನು ಅವನನ್ನು ಕರೆಯದೆ ಇದ್ದ ಆ ಮೂರು ವರ್ಷವೂ?

ನನ್ನ ಮಗಳು ಯಾಕೆ ಹೀಗೆ ಅನ್ನುವುದಕ್ಕೆ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ. ಸಿಟ್ಟು ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳುವುದಿಲ್ಲ. ಆದರೆ ದೀಪ ಹಚ್ಚುತ್ತೇನೆ. ಅವಳ ಹಣೆಗೆ ಗಂಧ ಹಚ್ಚುತ್ತೇನೆ. ಅವಳಿಗೆ ಹಾಡು ಅಂದರೆ ತುಂಬ ಇಷ್ಟ. ನನ್ನ ಸ್ವರ ಸರಿ ಇಲ್ಲ, ಆದರೂ ಹೇಳುತ್ತೇನೆ. ನಿನಗೆ ಪುರುಸೊತ್ತು ಇದ್ದರೆ ಒಂದು ದಿನ ನಮ್ಮ ಮನೆಗೆ ಬಾ.

ಬೇಳದ ನರ್ಸ್

ಅಮ್ಮಾ, ನಿಮಗೆ ಏನು ಹೇಳುವುದು ಅಂತ ಗೊತ್ತಾಗುವುದಿಲ್ಲ. ಮೂರು ಸಲ ಓದಿದೆ.

ಬದಿಯಡ್ಕದ ತಂಗಿ, ನಾನು ಕುವೈಟಿನಲ್ಲಿ ನರ್ಸ್, ಊರು ಬೇಳ. ಮೊದಲು ನರ್ಸ್ ಆಗಿ ಕೇಳುತ್ತೇನೆ, ದೇವರ ವಿಷಯ ಆಮೇಲೆ. ರಾತ್ರಿ ನಿದ್ರೆ ಬರುತ್ತದಾ? ಊಟ ಮಾಡುತ್ತೀಯಾ? ನಾನು ಇಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು ಅನ್ನುವ ಯೋಚನೆ ಬರುತ್ತದಾ? ಬಂದರೆ, ಅಥವಾ ಎರಡು ವಾರದಿಂದ ನಿದ್ರೆ ಸರಿ ಇಲ್ಲದಿದ್ದರೆ, ಇವತ್ತೇ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್, ಸರಕಾರದ್ದು, ದಿನದ 24 ಗಂಟೆ ಇರುತ್ತದೆ, ಭಾಷೆ ಆರಿಸಿಕೊಳ್ಳಬಹುದು. ಕೇರಳದ್ದೇ ದಿಶಾ 1056 ಕೂಡ ಉಂಟು. ಫೋನ್ ಮಾಡಿದರೆ ದೇವರ ಮೇಲಿನ ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಶುಗರ್ ಇದ್ದವರು ಪ್ರಾರ್ಥನೆಯನ್ನೂ ಮಾಡುತ್ತಾರೆ, ಇನ್ಸುಲಿನ್ನೂ ತೆಗೆದುಕೊಳ್ಳುತ್ತಾರೆ. ಇದೂ ಹಾಗೇ. ಗೋಡೆಗೆ ಮಾತಾಡಿದ ಹಾಗೆ ಅನಿಸುವುದು ಕೆಲವೊಮ್ಮೆ ಮನಸ್ಸು ದಣಿದದ್ದರಿಂದಲೂ ಆಗುತ್ತದೆ. ದಣಿದ ಕಿವಿಗೆ ಯಾರ ಸ್ವರವೂ ಕೇಳುವುದಿಲ್ಲ.

ನನಗೆ ಆದದ್ದು. ಮೊದಲ ಸಲ ಗಲ್ಫಿಗೆ ಹೊರಟಾಗ ಏಜೆಂಟ್ ಒಬ್ಬ ದುಡ್ಡು ತಿಂದ. ಅಪ್ಪ ಅಡವಿಟ್ಟು ತಂದ ದುಡ್ಡು. ಒಂದು ವರ್ಷ ಮನೆಯಲ್ಲಿ ಕೂತಿದ್ದೆ. ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳಲು ಎಲ್ಲರೂ ಕೂತರೆ ನಾನು ಹಿಂದಿನ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದೆ. ಅಜ್ಜಿ ಏನೂ ಹೇಳುತ್ತಿರಲಿಲ್ಲ, ಜಪಮಾಲೆಯ ಮಣಿ ಉರುಳಿಸುತ್ತಾ ನನ್ನ ಹೆಸರನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದರು. ಹೊರಗೆ ನನಗೆ ಕೇಳಲಿ ಅಂತ.

ಒಂದು ದಿನ ಅಜ್ಜಿ ಮೀನು ಮಾರುವವಳ ಹತ್ತಿರ ಬೂತಾಯಿ ತೆಗೆದುಕೊಂಡರು. ಎಣಿಸಿ ಕೊಟ್ಟ ಮೇಲೆ ಆಕೆ ಕೊಸರು ಅಂತ ಒಂದು ಸಣ್ಣದು ಹಾಕಿದಳು. ಅಜ್ಜಿ ಆ ಸಣ್ಣ ಮೀನನ್ನು ಕೈಯಲ್ಲಿ ಹಿಡಿದು ನನ್ನನ್ನು ಕರೆದರು. ಬೈಬಲಿನಲ್ಲಿ ಗುಬ್ಬಿಯ ಮಾತು ಉಂಟಲ್ಲ, ಗೊತ್ತುಂಟಾ ಅಂದರು. ಮತ್ತಾಯನ ಸುವಾರ್ತೆಯಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನದ್ದರಲ್ಲಿ ಎರಡು ಕಾಸಿಗೆ ಐದು ಗುಬ್ಬಿ. ಲೆಕ್ಕ ಹಾಕು ಅಂದರು. ಎರಡು ಕಾಸಿಗೆ ನಾಲ್ಕು ಆಗಬೇಕಿತ್ತು. ಐದನೆಯದು ಎಲ್ಲಿಂದ? ಅದು ಕೊಸರು. ಅದಕ್ಕೆ ಅರ್ಧ ಕಾಸೂ ಇಲ್ಲ. ಆದರೆ ಯೇಸು ಹೇಳಿದ್ದು ಅವುಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲ ಅಂತ. ಕೊಸರಿಗೆ ಹಾಕಿದ್ದನ್ನೂ.

ನನಗೆ ಆ ದಿನ ಮೀನಿನ ವಾಸನೆಯ ಅಜ್ಜಿಯ ಕೈ ಹಿಡಿದು ಅಳು ಬಂತು. ಕೆಲಸ ಸಿಕ್ಕಿದ್ದು ಅದಾಗಿ ಎಂಟು ತಿಂಗಳ ಮೇಲೆ. ಆ ಎಂಟು ತಿಂಗಳು ನಾನು ತೇರ್ಸಿಗೆ ಕೂತೆ. ಕೆಲಸ ಕೊಡು ಅಂತ ಕೇಳಲೇ ಇಲ್ಲ ಅಂತ ಹೇಳುವುದಿಲ್ಲ, ಕೇಳಿದೆ. ಆದರೆ ಕೊಡದಿದ್ದರೆ ನಾನು ಯಾರೂ ಅಲ್ಲ ಅನ್ನುವ ಭಯ ಹೋಗಿತ್ತು. ನಮ್ಮ ಬೇಳದ ಇಗರ್ಜಿ 1890ರದ್ದು, ಶೋಕಮಾತೆಯ ಹೆಸರಿನದ್ದು. ಮಗನನ್ನು ಕಳೆದುಕೊಂಡ ತಾಯಿ. ದುಃಖ ಇಲ್ಲದವಳ ಹೆಸರನ್ನು ಇಟ್ಟಿದ್ದರೆ ನಾನು ಅಲ್ಲಿಗೆ ಹೋಗಿ ಕೂರುತ್ತಿದ್ದೆನಾ ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಅಕ್ಕಲಕೋಟದ ರೈತ

ನಮಸ್ಕಾರ. ನಾವು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನವರು. ನಿಮ್ಮ ಕಡೆ ಅಡಿಕೆ, ನಮ್ಮ ಕಡೆ ಜೋಳ, ತೊಗರಿ. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ತಂಗಿ, ನಿನ್ನ ಗೋಡೆಯ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸಿದ್ಧರಾಮನ ಕತೆ ಹೇಳಬೇಕು. 12ನೇ ಶತಮಾನ, ಆಗ ಸೊಲ್ಲಾಪುರಕ್ಕೆ ಸೊನ್ನಲಿಗೆ ಅಂತ ಹೆಸರು. ಮಾತು ಕಡಿಮೆ, ಪೆದ್ದ ಅಂತ ಊರಿನವರು ಬಿಟ್ಟ ಹುಡುಗ. ಹೊಲ ಕಾಯಲು ಹಾಕಿದ್ದರು. ಅಲ್ಲಿಗೆ ಒಬ್ಬ ಜಂಗಮ ಬಂದ, ಹೆಸರು ಮಲ್ಲಯ್ಯ, ಶ್ರೀಶೈಲದ ಮಲ್ಲಿಕಾರ್ಜುನನೇ ಆ ವೇಷದಲ್ಲಿ ಬಂದದ್ದು ಅಂತ ಹೇಳುತ್ತಾರೆ. ಹೊಟ್ಟೆ ಹಸಿದಿದೆ, ಏನಾದರೂ ಕೊಡು ಅಂದ. ಹುಡುಗ ಹೊಲದ ನವಣೆ ತೆನೆ ಕೊಟ್ಟ. ತಿಂದು, ಹೊಟ್ಟೆ ಉರಿಯುತ್ತದೆ, ಮಜ್ಜಿಗೆ ಅನ್ನ ಬೇಕು ಅಂದ. ಹುಡುಗ ಮನೆಗೆ ಓಡಿದ. ಅವ್ವನ ಹತ್ತಿರ ಮಾಡಿಸಿಕೊಂಡು ತಂದು ನೋಡಿದರೆ ಅಲ್ಲಿ ಯಾರೂ ಇಲ್ಲ.

ಈ ಕತೆಯಲ್ಲಿ ನನಗೆ ಬೇಕಾದ್ದು ಎರಡು. ಒಂದು, ದೇವರು ಆ ಹುಡುಗನಿಗೆ ಏನೂ ಕೊಡಲಿಲ್ಲ, ಅವನ ಹತ್ತಿರ ಬೇಡಿದ. ಎಲ್ಲರೂ ಇವನಿಂದ ಏನಾಗುತ್ತದೆ ಅಂತ ಬಿಟ್ಟವನ ಹತ್ತಿರ ಬಂದು, ನನಗೆ ಹಸಿವು, ನೀನು ಕೊಡು ಅಂದ. ಎರಡು, ಓಡಿ ಬಂದು ನೋಡಿದರೆ ಖಾಲಿ. ನಿನ್ನ ಗೋಡೆ ಇದೆಯಲ್ಲ, ಅದೇ. ಹುಡುಗ ಅನ್ನದ ಬಟ್ಟಲು ಹಿಡಿದುಕೊಂಡು ಮಲ್ಲಯ್ಯಾ ಮಲ್ಲಯ್ಯಾ ಅಂತ ಅತ್ತ. ಅಳುತ್ತಲೇ ಶ್ರೀಶೈಲದವರೆಗೆ ಹೋದ. ಖಾಲಿ ಕಂಡದ್ದಕ್ಕೆ ನಾನು ಬೆಲೆ ಇಲ್ಲದವನು ಅಂತ ತಿಳಿಯಲಿಲ್ಲ, ನನ್ನವನು ಎಲ್ಲಿ ಅಂತ ಹುಡುಕಿದ. ಅತ್ತದ್ದೂ ಸಂಬಂಧವೇ ತಂಗಿ. ಸಂಬಂಧ ಇಲ್ಲದವರಿಗೆ ಯಾರು ಅಳುತ್ತಾರೆ?

ತಿರುಗಿ ಬಂದು ಅವನು ಕೆರೆ ಕಟ್ಟಿಸಿದ. ಇವತ್ತಿಗೂ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಗುಡಿಯ ಸುತ್ತ ಆ ನೀರು ಇದೆ. ನನಗೆ ಒಂದು ವರ್ಷ ಬೆಳೆ ಪೂರ್ತಿ ಹೋಗಿ, ಬ್ಯಾಂಕಿನ ನೋಟೀಸು ಬಂದು, ಹೆಂಡತಿಯ ಮುಖ ನೋಡಲು ಆಗದ ಹೊತ್ತಿನಲ್ಲಿ ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಹೋಗಿದ್ದೆ. ಏಳು ನಂದಿಧ್ವಜ ಹೊತ್ತು 68 ಲಿಂಗಗಳ ಹತ್ತಿರ ಹೋಗುತ್ತಾರೆ. ಜನರ ನಡುವೆ ಆ ಕೋಲು ಮೇಲೆ ತೂಗುತ್ತಾ ಬರುವುದು ನೋಡುತ್ತಾ, ಪ್ರತಿ ಸಲ ನಾನೇ ಬೇಡುತ್ತೇನೆ, ಈ ಸಲ ನೀನು ಬೇಡು ಅಂದೆ ಮಲ್ಲಯ್ಯನಿಗೆ. ಊರಿಗೆ ಬಂದ ಮೂರನೇ ದಿನ ಪಕ್ಕದ ಹೊಲದ ಮುದುಕ, ಮಕ್ಕಳು ಪುಣೆಗೆ ಹೋದವನು, ಬಾವಿಯ ಹೂಳು ತೆಗೆಯಲು ಬರುತ್ತೀಯಾ ಅಂತ ಕೇಳಿದ. ಬೇರೆ ದಿನವಾಗಿದ್ದರೆ ನನ್ನದೇ ನನಗೆ ಸಾಕಾಗಿದೆ ಅನ್ನುತ್ತಿದ್ದೆ. ಅವತ್ತು ಹೋದೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬುಟ್ಟಿ ತುಂಬಿ ಮೇಲೆ ಕೊಡುವಾಗ ಮಲ್ಲಯ್ಯ ಮಜ್ಜಿಗೆ ಅನ್ನ ಕೇಳಿದ್ದು ಹೀಗೇ ಇರಬೇಕು ಅನಿಸಿತು. ಸಾಲ ಇನ್ನೂ ಇದೆ. ಆದರೆ ಆ ವರ್ಷದ ಹಾಗೆ ಮುಖ ಮುಚ್ಚಿಕೊಂಡು ತಿರುಗುವುದಿಲ್ಲ.

ಗಣೇಶಭಕ್ತ

ಎಣ್ಮಕಜೆಯ ಅಮ್ಮ, ತಪ್ಪಾಯಿತು, ಕ್ಷಮಿಸಿ. ಯೋಚನೆ ಮಾಡದೆ ಬರೆದೆ.

ಬದಿಯಡ್ಕದವಳು

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲವನ್ನೂ ಓದಿದೆ, ಉತ್ತರ ಬರೆಯಲು ಧೈರ್ಯ ಬಂದಿರಲಿಲ್ಲ.

ಬೇಳದ ಅಕ್ಕಾ, ನಿದ್ರೆ ಇರಲಿಲ್ಲ. ಆ ಯೋಚನೆಯೂ ಬರುತ್ತಿತ್ತು, ಇಲ್ಲಿ ಬರೆದಿರಲಿಲ್ಲ ಅಷ್ಟೇ. ನೀವು ಕೇಳಿದ ದಿನ ರಾತ್ರಿಯೇ 14416ಕ್ಕೆ ಮಾಡಿದೆ. ಈಗ ಕಾಸರಗೋಡಿನಲ್ಲಿ ಒಬ್ಬರು ಡಾಕ್ಟರನ್ನು ನೋಡುತ್ತಾ ಇದ್ದೇನೆ. ಅಮ್ಮನಿಗೆ ಹೇಳಿದೆ. ಅಮ್ಮ ಬೈಯುತ್ತಾರೆ ಅಂದುಕೊಂಡಿದ್ದೆ. ನನ್ನ ಕೋಣೆಗೆ ಚಾಪೆ ತಂದು ಪಕ್ಕದಲ್ಲಿ ಮಲಗುತ್ತಾರೆ ಈಗ.

ಮಾಷ್ಟ್ರೇ, ಮಧೂರಿಗೆ ಹೋಗಿದ್ದೆವು. ಹರಕೆ ಈಡೇರಲಿಲ್ಲವಲ್ಲ, ಸೇವೆ ಯಾಕೆ ಅಂತ ನಾನು ಕೇಳಿದೆ. ಅಮ್ಮ, ನಾವು ಬರೀ ನೋಡಿ ಬರುವ ಅಂದರು. ಅಪ್ಪದ ಪ್ರಸಾದ ತೆಗೆದುಕೊಂಡು ಮಧುವಾಹಿನಿ ಹೊಳೆಯ ಬದಿಯಲ್ಲಿ ಕೂತು ತಿಂದೆವು, ಬಿಸಿ ಇತ್ತು, ಕೈಗೆಲ್ಲ ತುಪ್ಪ. ಏನೂ ಕೇಳಲಿಲ್ಲ ನಾನು. ಮದರು ಇಲ್ಲೇ ಎಲ್ಲೋ ಓಡಾಡಿರಬೇಕು ಅಂತ ಅಮ್ಮನಿಗೆ ಹೇಳಿದೆ. ಸಂಜೆ ದೀಪದ ಮುಂದೆ ಈಗಲೂ ಕೂರುತ್ತೇನೆ. ಕೆಲವು ದಿನ ಗೋಡೆಯೇ. ಮೊನ್ನೆ ಒಂದು ದಿನ ಮಾತ್ರ, ಯಾರೋ ಕೇಳುತ್ತಾ ಇದ್ದಾರೆ ಅಂತ ಅನಿಸಿತು, ಎರಡು ನಿಮಿಷ ಇರಬಹುದು. ಅದನ್ನು ಜಾಸ್ತಿ ಮಾಡಿ ಹೇಳುವುದಿಲ್ಲ.

ಅಕ್ಕಲಕೋಟದ ಅಣ್ಣ, ನಿಮ್ಮ ಬಾವಿಯ ಮಾತು ಓದಿದ ಮೇಲೆ ನನ್ನ ಹತ್ತಿರ ಯಾರು ಏನು ಕೇಳಿದ್ದಾರೆ ಅಂತ ನೆನಪು ಮಾಡಿದೆ. ಕೇಳಿದ್ದು ಒಬ್ಬರೇ.

ಎಣ್ಮಕಜೆಯ ಅಮ್ಮಾ, ಬರುವ ಶನಿವಾರ ಬರಲಾ? ಬದಿಯಡ್ಕದಿಂದ ಪೆರ್ಲಕ್ಕೆ ಬಸ್ಸಿನಲ್ಲಿ ಬರುತ್ತೇನೆ, ಅಲ್ಲಿಂದ ಹೇಗೆ ಅಂತ ನನಗೆ ಮೆಸೇಜ್ ಮಾಡಿ. ಗಂಜಿ ಕೊಡುವುದನ್ನು ನಿಧಾನವಾಗಿ ಕಲಿಸಿ, ನಾನು ಅವಸರ ಮಾಡುವುದಿಲ್ಲ. ನಿಮ್ಮ ಮಗಳಿಗೆ ಯಾವ ಹಾಡು ಜಾಸ್ತಿ ಇಷ್ಟ ಅಂತ ಮೊದಲೇ ಹೇಳಿದರೆ ಕಲಿತುಕೊಂಡು ಬರುತ್ತೇನೆ.